ಶಾಲೆಯೂ ಕೇರಿಯೂ
(ಶ್ರೀಮಠದ ಮಹೋತ್ಸವದ ಅಂಗವಾಗಿ ಗೆಜ್ಜಲಗೆರೆಯಲ್ಲಿ ನಡೆದ ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಇಂತಹ ಸಮಯದಲ್ಲಿ ಷಟ್‌ಸ್ಥಲವನ್ನೋ ಅಷ್ಟಾವರಣವನ್ನೋ ಕುರಿತು ಹೇಳುವುದು ನನ್ನ ವಾಡಿಕೆ. ಈ ಸಾರಿ ಶ್ರೀಗಳವರು, “ಅದು ಇರಲಿ, ಊರಿನ ಶಾಲೆಯ ಮಕ್ಕಳ ವಿಷಯವನ್ನು ಹೇಳಿ” ಎಂದು ಅಪ್ಪಣೆ ಕೊಡಿಸಿದರು. ವಿಚಾರಿಸಿ ನೋಡಿದರೆ ಇದೂ ದಾಸೋಹದ ವಿಷಯವೇ ಆಗಿರುತ್ತದೆ.

ಹಿಂದೆ ಓದುವ ಹುಡುಗನಿಗೆ ವಾರಾನ್ನವೆಂಬ ಏರ್ಪಾಡೊಂದಿದ್ದಿತು. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ, ಹೀಗೆ ಏಳು ಮನೆಗಳು ಕೂಡಿ ಒಬ್ಬ ವಿದ್ಯಾರ್ಥಿಯನ್ನು ಸಾಕುತ್ತಿದ್ದವು. ಯಾವ ಮನೆಗೂ ಅದು ಭಾರವಲ್ಲ. ವಾರಕ್ಕೊಂದು ದಿನ ಒಂದು ಎಲೆ ಹೆಚ್ಚು, ಅಷ್ಟೆ. ಆದರೆ ಆ ಏರ್ಪಾಡಿನಲ್ಲಿ ಎರಡು ಕೊರತೆಗಳಿದ್ದವು. ಆರೇ ಮನೆಗಳು ದೊರೆತವನಿಗೆ ಏಳನೆಯ ದಿನ ಉಪವಾಸ. ಎಲ್ಲ ಜಾತಿಯ ಹುಡುಗರಿಗೂ ಎಲ್ಲ ಮನೆಗಳ ಬಾಗಿಲು ತೆರೆಯುತ್ತಿರಲಿಲ್ಲ. ಇವೆರಡಕ್ಕೂ ಮೇಲಾಗಿ, ಹಸಿದ ಬಾಲಕನು ಪರರ ಹೊಸ್ತಿಲಲ್ಲಿ ನಿಂತು ಕರೆಯುವವರೆಗೆ ಕಾಯಬೇಕಾಗಿದ್ದಿತು.

ನಮ್ಮ ಮಠಗಳು ಈ ಕೊರತೆಯನ್ನು ನೀಗಿಸಿದ ಬಗೆಯನ್ನು ಗಮನಿಸತಕ್ಕದ್ದು. ತುಮಕೂರಿನ ಸಿದ್ಧಗಂಗಾ ಕ್ಷೇತ್ರದಲ್ಲಿ ಶ್ರೀ ಉದ್ದಾನ ಶಿವಯೋಗಿಗಳವರು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದರು. 1941ರಲ್ಲಿ ಮಠದ ಅಧಿಕಾರವನ್ನು ವಹಿಸಿದ ಶ್ರೀ ಶಿವಕುಮಾರ ಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಆ ದಾಸೋಹವನ್ನು ಬೆಳೆಸಿದರು. ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳು ಅಲ್ಲಿ ಪ್ರಸಾದ ಸ್ವೀಕರಿಸಿ ಓದಿದರು, ಇಂದಿಗೂ ಓದುತ್ತಿರುವರು. ಆ ಪ್ರಸಾದದ ಮೂಲವೆಲ್ಲಿ? ಗುರುಗಳು ಹಳ್ಳಿಹಳ್ಳಿಗೆ ಭಿಕ್ಷೆಗೆ ದಯಮಾಡಿಸುತ್ತಿದ್ದರು. ರೈತರು ಸುಗ್ಗಿಯಲ್ಲಿ ರಾಗಿಯನ್ನೂ ಕಾಳನ್ನೂ ಅಳೆದುಕೊಡುತ್ತಿದ್ದರು. ಮಗುವು ಮನೆಮನೆಯ ಬಾಗಿಲಿಗೆ ಹೋಗುತ್ತಿದ್ದುದು ತಪ್ಪಿ, ಗುರುವೇ ಜೋಳಿಗೆ ಹಿಡಿದು ಹೋದನು. ಮಗು ಬೇಡಬಾರದೆಂದು ಗುರು ಬೇಡಿದನು. ಇದಕ್ಕಿಂತ ದೊಡ್ಡ ಶಿಕ್ಷಣಸುಧಾರಣೆಯನ್ನು ನಾನು ಕಂಡಿಲ್ಲ.

ಸುತ್ತೂರು ಶ್ರೀಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು ಮೈಸೂರಿನಲ್ಲಿ ವಿದ್ಯಾರ್ಥಿಗಳಿಗೆ ಅನ್ನವಸತಿಗಳನ್ನು ಕಲ್ಪಿಸಿ, 1954ರಲ್ಲಿ ವಿದ್ಯಾಪೀಠವನ್ನು ಸ್ಥಾಪಿಸಿದುದನ್ನು ಈ ಪ್ರಾಂತದವರಿಗೆ ನಾನು ವಿವರಿಸಬೇಕಾಗಿಲ್ಲ. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ವಿದ್ಯಾವಂತ ತರುಣರು ಕರ್ನಾಟಕ ಲಿಂಗಾಯತ ಎಜುಕೇಷನ್ ಸೊಸೈಟಿಯನ್ನು ಆರಂಭಿಸಿದಾಗ, ಅವರ ಮೊದಲ ಶಾಲೆಗೆ ಗಿಲಗಂಚಿ ಮತ್ತು ಅರಟಾಳ ಎಂಬ ಇಬ್ಬರು ಮಹನೀಯರ ಹೆಸರುಗಳು ನಿಂತವು. ಪಾಠ ಹೇಳುವವನೂ ಪೋಷಿಸುವವನೂ ಕೂಡಿದಲ್ಲದೆ ಶಾಲೆ ನಿಲ್ಲುವುದಿಲ್ಲವೆಂಬುದಕ್ಕೆ ಇಷ್ಟು ನಿದರ್ಶನ ಸಾಕು.

ಈಗ ಕಾಲ ಬೇರೆಯಾಗಿದೆ. 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರದಾಸೋಹವು ಮರುವರ್ಷ ನಮ್ಮ ಕಡೆಗೂ ಬಂದು, ಮಧ್ಯಾಹ್ನದ ಊಟವು ಶಾಲೆಯಲ್ಲಿಯೇ ದೊರೆಯುವಂತಾಯಿತು. ಸರ್ಕಾರವು ಹೆಸರನ್ನು ನಮ್ಮಿಂದಲೇ ಕಡ ತೆಗೆದುಕೊಂಡಿತೆಂದು ನಾನು ಸಂತೋಷಪಟ್ಟವನು. 2013ರಿಂದ ಹಾಲೂ ಬಂದಿತು. ಆದುದರಿಂದ, “ಇನ್ನು ನಮ್ಮದೇನಿದೆ? ಎಲ್ಲವನ್ನೂ ಸರ್ಕಾರವೇ ಕೊಡುತ್ತದೆಯಲ್ಲ” ಎಂದು ಹೇಳುವವರುಂಟು. ಸರ್ಕಾರವು ಹಾಗೆ ಹೇಳಿಲ್ಲ. 2001ನೆಯ ಏಪ್ರಿಲ್ ತಿಂಗಳ ಆಜ್ಞೆಯಂತೆ ಪ್ರತಿಯೊಂದು ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು ಏರ್ಪಟ್ಟಿತು. 2009ರ ಶಿಕ್ಷಣದ ಹಕ್ಕಿನ ಶಾಸನವು ಇಂತಹ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೂ ಪೋಷಕರೂ ಇರಬೇಕೆಂದೂ, ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ ವಿಧಿಸಿದೆ.

ವಿಧಿ ಒಳ್ಳೆಯದೇ. ಆದರೆ ಇದರೊಳಗೆ ಒಂದು ತೊಡಕಿದೆ. ಅದನ್ನು ಮುಚ್ಚಿಟ್ಟು ಮಾತನಾಡಿದರೆ ಪ್ರಯೋಜನವಿಲ್ಲ. ಅನುಕೂಲವುಳ್ಳ ಮನೆಗಳ ಮಕ್ಕಳು ಬೆಳಗಾದರೆ ಬಸ್ಸು ಹತ್ತಿ ಇಂಗ್ಲಿಷು ಶಾಲೆಗಳಿಗೆ ಹೊರಟುಹೋಗುತ್ತಾರೆ. ಊರಿನ ಶಾಲೆಯಲ್ಲಿ ಬಹುಮಟ್ಟಿಗೆ ಕೂಲಿಯವರ ಮಕ್ಕಳು ಉಳಿಯುತ್ತಾರೆ. ಸಮಿತಿಯ ಸಭೆಗೆ ಆ ತಾಯಿ ಬರಬೇಕಾದರೆ ಅಂದಿನ ಕೂಲಿಯನ್ನು ಬಿಡಬೇಕು. ಬಿಡುವೂ ತಿಳುವಳಿಕೆಯೂ ಉಳ್ಳವನಿಗೆ ಆ ಶಾಲೆಯಲ್ಲಿ ಮಗುವಿಲ್ಲ, ಮಗುವುಳ್ಳವಳಿಗೆ ಬಿಡುವಿಲ್ಲ. ನಿಮ್ಮ ಮಕ್ಕಳನ್ನು ಎಲ್ಲಿ ಓದಿಸಬೇಕೆಂದು ಹೇಳಲು ನಾನು ಬಂದಿಲ್ಲ. ಅದು ನಿಮ್ಮ ಮನೆಯ ವಿಚಾರ. ಮಗು ಆ ಶಾಲೆಯಲ್ಲಿಲ್ಲದ ಮಾತ್ರಕ್ಕೆ ಶಾಲೆಯೂ ನಮ್ಮದಲ್ಲವೆಂದು ತಿಳಿಯುವುದು ಮಾತ್ರ ಸಲ್ಲದು. ಮನೆಯಲ್ಲಿ ಓದುವ ಹುಡುಗನಿಲ್ಲದವರೂ ಜೋಳಿಗೆಗೆ ರಾಗಿ ನೀಡಿದರಲ್ಲವೆ?

ಕೂಡಿ ನಡೆಯುವ ರೀತಿಯನ್ನು ಈ ಊರಿನವರಿಗೆ ಹೊರಗಿನವರು ಕಲಿಸಬೇಕಾದುದಿಲ್ಲ. ಮಂಡ್ಯ ಜಿಲ್ಲೆಯ ಹಾಲು ಒಕ್ಕೂಟದ ದೊಡ್ಡ ಡೈರಿ ನಿಮ್ಮ ಗೆಜ್ಜಲಗೆರೆಯಲ್ಲಿಯೇ ಇದೆ. ಅಲ್ಲಿಗೆ ಬರುವ ಹಾಲೆಲ್ಲವೂ ಒಬ್ಬ ಸಾಹುಕಾರನ ಕೊಟ್ಟಿಗೆಯದಲ್ಲ. ಹಳ್ಳಿಯ ಸಂಘದಲ್ಲಿ ಒಂದೇ ಹಸುವಿನ ಮನೆಯವಳೂ ತನ್ನ ಪಾಲನ್ನು ಹುಯ್ದು ಅಳೆಯಿಸಿ ಹೋಗುತ್ತಾಳೆ, ಹತ್ತು ಹಸುಗಳುಳ್ಳವನೂ ಅದೇ ಸಾಲಿನಲ್ಲಿ ನಿಲ್ಲುತ್ತಾನೆ. ಶಾಲೆಯ ವಿಷಯದಲ್ಲಿಯೂ ಒಬ್ಬ ದಾತೃವನ್ನು ಹುಡುಕುವುದಕ್ಕಿಂತ ಇದು ಲೇಸು.

ಹಾಗಾದರೆ ಕೇರಿಯು ಮಾಡತಕ್ಕದ್ದೇನು? ಶಾಲೆಗೆ ತಿಳಿಯದಿರುವ ಸಂಗತಿಗಳು ಕೇರಿಗೆ ತಿಳಿದಿರುತ್ತವೆ, ಮೊದಲನೆಯದು ಅದು. ಹಾಜರಿಪುಸ್ತಕದಲ್ಲಿ ಹೆಸರುಳ್ಳ ಹುಡುಗಿ ಮೂರು ದಿನ ಬಾರದಿದ್ದರೆ ಉಪಾಧ್ಯಾಯರಿಗೆ ಗೈರುಹಾಜರಿಯೊಂದೇ ಕಾಣುತ್ತದೆ. ತಾಯಿ ಹಾಸಿಗೆ ಹಿಡಿದಿರುವುದೂ, ತಮ್ಮನನ್ನು ನೋಡಿಕೊಳ್ಳುವವರಿಲ್ಲದಿರುವುದೂ ನೆರೆಮನೆಯವಳಿಗೆ ಗೊತ್ತು. ಆಲೆಮನೆಗಳಿಗೆ ಕೆಲಸಕ್ಕೆಂದು ದೂರದಿಂದ ಬಂದ ಸಂಸಾರಗಳ ಮಕ್ಕಳ ವಿಷಯವಂತೂ ಇನ್ನೂ ಕಷ್ಟ. ಅವರ ಹೆಸರು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಒಲೆಯ ಬಳಿ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಆಡಿಕೊಂಡಿರುವುದನ್ನು ಬೆಲ್ಲ ಕೊಳ್ಳಲು ಹೋದವರೆಲ್ಲರೂ ನೋಡಿರುತ್ತೇವೆ, ನೋಡಿ ಬಂದಿರುತ್ತೇವೆ. ಆ ಮಗುವಿನ ಕೈಹಿಡಿದು ಶಾಲೆಯ ಬಾಗಿಲಿಗೆ ತಂದು ಬಿಡಲು ಹಣ ಬೇಕಾಗಿಲ್ಲ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಕಾಗದಪತ್ರಗಳಿಲ್ಲವೆಂದು ಪ್ರವೇಶವನ್ನು ನಿರಾಕರಿಸುವಂತಿಲ್ಲವೆಂದು ಅದೇ ಶಾಸನವು ಹೇಳುತ್ತದೆ.

ಎರಡನೆಯದು ಸಂಜೆಯ ಹೊತ್ತು. ಒಂದೇ ಕೋಣೆಯ ಮನೆಯಲ್ಲಿ ಅಡಿಗೆ, ಟೀವಿ, ಜಗಳ ಎಲ್ಲವೂ ನಡೆಯುತ್ತಿರುವಾಗ ಮಗು ಎಲ್ಲಿ ಕುಳಿತು ಓದಬೇಕು? ಮಠಕ್ಕೆ ಜಗುಲಿಯಿದೆ, ದೀಪವಿದೆ. ನಿವೃತ್ತ ಉಪಾಧ್ಯಾಯರು ಈ ಸಭೆಯಲ್ಲಿಯೇ ಹಲವರಿದ್ದಾರೆ.

ಇನ್ನು ಕೊಡುವ ಕ್ರಮದ ವಿಷಯ. ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಒಂದೂರಿನಲ್ಲಿ ಪುಸ್ತಕಗಳನ್ನು ಹಂಚುವ ಸಮಾರಂಭ. ನಿರೂಪಣೆ ನನ್ನದು. ತಂದೆಯಿಲ್ಲದ ಹುಡುಗನೊಬ್ಬನನ್ನು ವೇದಿಕೆಗೆ ಕರೆದು, ಸಭಿಕರ ಮನಸ್ಸು ಕರಗಲೆಂದು, ಅವನ ಮನೆಯ ಬಡತನವನ್ನು ಧ್ವನಿವರ್ಧಕದಲ್ಲಿ ವರ್ಣಿಸಿದೆನು. ನನಗೆ ಮಾತು ಬರುತ್ತದೆಂಬ ಅಹಂಕಾರವೂ ಸ್ವಲ್ಪ ಇದ್ದಿತು. ಹುಡುಗನು ಪುಸ್ತಕಗಳನ್ನು ತೆಗೆದುಕೊಂಡನು, ಭಾವಚಿತ್ರವೂ ಆಯಿತು. ಮರುದಿನ ನೋಡಿದರೆ ಆ ಪುಸ್ತಕಗಳು ಮಠದ ಕಟ್ಟೆಯ ಮೇಲಿದ್ದವು. ಅವನು ಮತ್ತೆ ನಮ್ಮ ಕಡೆ ಬರಲಿಲ್ಲ. ಗುರುಗಳು ಜೋಳಿಗೆ ಹಿಡಿದು ತಪ್ಪಿಸಿದ ಹೊಸ್ತಿಲಿಗೆ ನಾನು ಆ ಹುಡುಗನನ್ನು ತಿರುಗಿ ತಂದು ನಿಲ್ಲಿಸಿದ್ದೆನು.

ಅಂದಿನಿಂದ ನಾನು ವೇದಿಕೆಯ ಮೇಲೆ ಮಕ್ಕಳಿಗೆ ಏನನ್ನೂ ಕೊಡುವುದಿಲ್ಲ, ಕೊಡಿಸುವುದೂ ಇಲ್ಲ. ಈ ಮಹೋತ್ಸವದಲ್ಲಿ ಭಕ್ತರು ಸಲ್ಲಿಸಿರುವ ಪುಸ್ತಕಗಳೂ ಚೀಲಗಳೂ ಇಂದು ಇಲ್ಲಿ ಹಂಚಲ್ಪಡುವುದಿಲ್ಲವೆಂದು ಕೆಲವರಿಗೆ ಅಸಮಾಧಾನವಾಗಿರುವುದು ನನಗೆ ತಿಳಿದಿದೆ. ಅವು ನಾಳೆ ಬೆಳಗ್ಗೆ ಮುಖ್ಯೋಪಾಧ್ಯಾಯರ ಕೋಣೆಯನ್ನು ಸೇರುತ್ತವೆ. ಯಾರಿಗೆ ಏನು ಬೇಕೆಂಬುದನ್ನು ತರಗತಿಯ ಉಪಾಧ್ಯಾಯಿನಿಯರು ಬಲ್ಲರು, ದಾನಿಗಳ ಹೆಸರು ಯಾವ ಚೀಲದ ಮೇಲೂ ಇರುವುದಿಲ್ಲ. ಜಗುಲಿಯಲ್ಲಿ ಸಂಜೆಯ ಪಾಠ ಹೇಳಲು ಒಪ್ಪುವವರು ವಾರದಲ್ಲಿ ತಮಗೆ ಅನುಕೂಲವಾದ ಒಂದು ದಿನವನ್ನು ಬರೆಯಿಸಿದರೆ ಸಾಕು. ಇದುವರೆಗೆ ಐದು ದಿನಗಳಿಗೆ ಹೆಸರು ಬಂದಿದೆ. ಗುರುವಾರವೂ ಶನಿವಾರವೂ ಉಳಿದಿವೆ. ಪುಸ್ತಕವು ಪ್ರಸಾದನಿಲಯದ ಬಾಗಿಲಿನಲ್ಲಿದೆ.