ಗ್ಯಾಸ್ ಇರಬೇಕು ಬಿಡಮ್ಮ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸ ಸಿಗುವುದು ಹೇಗೆ ಎಂಬುದರ ಬಗ್ಗೆ ಮಾತಾಡು ಎಂದು ಮೇಷ್ಟ್ರು ಹೇಳಿದ್ದರು. ಅದನ್ನು ಊಟದ ಹೊತ್ತಿನಲ್ಲಿ ಎಷ್ಟು ಬೇಕಾದರೂ ಹೇಳುತ್ತೇನೆ. ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕಾಗಿದೆ. ಅಮ್ಮನನ್ನು ಕೇಳಿಯೇ ಬಂದಿದ್ದೇನೆ. "ಹೇಳು, ತಪ್ಪು ನಿಂದೇ ಅಲ್ವಾ" ಎಂದಳು.

ಹತ್ತನೇ ತರಗತಿಯಲ್ಲಿ ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಪೂರ್ತಿ ಅಂಕ ತೆಗೆದವನು ನಾನು. ಹೃತ್ಕರ್ಣ, ಹೃತ್ಕುಕ್ಷಿ, ಮಹಾಪಧಮನಿ, ಒಂದನ್ನೂ ಬಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ರಾತ್ರಿ ಹತ್ತು ಗಂಟೆಗೆ ಅಮ್ಮ ಊರಿನಿಂದ ಫೋನ್ ಮಾಡಿದಳು. ಬೆನ್ನು ಹಿಡಿದುಕೊಂಡಿದೆ, ಸುಸ್ತು, ಬೆವರು ಬರ್ತಿದೆ ಎಂದಳು. ಅವಳಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ನಾನು ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, "ಗ್ಯಾಸ್ ಇರಬೇಕು ಬಿಡಮ್ಮ, ಜೀರಿಗೆ ಕಷಾಯ ಕುಡಿದು ಮಲ್ಕೋ" ಎಂದುಬಿಟ್ಟೆ.

ಬೆಳಿಗ್ಗೆ ಐದಕ್ಕೆ ಪಕ್ಕದ ಮನೆಯವರು ಫೋನ್ ಮಾಡಿದರು. ಕೈಕಾಲು ಮಂಜಿನ ಹಾಗೆ ತಣ್ಣಗಾಗಿದ್ದವು, ಮಾತು ತೊದಲುತ್ತಿತ್ತು, ಉಸಿರಾಡಲು ಕಷ್ಟವಾಗುತ್ತಿತ್ತು. ಆಸ್ಪತ್ರೆಯಲ್ಲಿ ನೋಡಿದಾಗ ಬಿಪಿಯ ಮೇಲಿನ ಅಂಕಿ 80ಕ್ಕೆ ಇಳಿದಿತ್ತು. ನಾನು ತಲುಪುವ ಹೊತ್ತಿಗೆ ಡಾಕ್ಟರು, "ಹಾರ್ಟ್ ಅಟ್ಯಾಕ್ ಆಗಿ ಕಾರ್ಡಿಯೋಜೆನಿಕ್ ಶಾಕ್‌ಗೆ ಹೋಗಿದ್ದಾರೆ" ಎಂದರು. ಶಾಕ್ ಎಂದರೆ ಕರೆಂಟ್ ಶಾಕ್, ಇಲ್ಲವೇ ಮನಸ್ಸಿಗೆ ಆಗುವ ಆಘಾತ, ಇವೆರಡೇ ನನಗೆ ಗೊತ್ತಿದ್ದದ್ದು.

ಈ ಶಾಕ್ ಬೇರೆ. ನಮ್ಮ ಊರಿನವರಿಗೆ ಪಂಪ್‌ಸೆಟ್ ಗೊತ್ತು. ವೋಲ್ಟೇಜ್ ಇಳಿದಾಗ ಮೋಟರ್ ತಿರುಗುತ್ತಲೇ ಇರುತ್ತದೆ, ಆದರೆ ತೋಟದ ಕೊನೆಗೆ ನೀರು ಮುಟ್ಟುವುದಿಲ್ಲ. ಇಲ್ಲಿಯೂ ಹಾಗೆಯೇ. ಹೃದಯ ಬಡಿಯುತ್ತಿರುತ್ತದೆ, ಆದರೆ ಮೆದುಳು, ಮೂತ್ರಪಿಂಡಗಳಿಗೆ ಸಾಕಷ್ಟು ರಕ್ತ ಹೋಗುವುದಿಲ್ಲ. ಮೂತ್ರ ಕಡಿಮೆಯಾಗುತ್ತದೆ, ಮನಸ್ಸು ಮಂಕಾಗುತ್ತದೆ, ಮೈ ತಣ್ಣಗಾಗುತ್ತದೆ. ಹೃದಯದ ಸ್ನಾಯುವಿಗೂ ರಕ್ತ ಸಿಗಬೇಕಾದದ್ದು ಆ ಹೃದಯದಿಂದಲೇ ತಾನೆ? ಒತ್ತಡ ಇಳಿದಷ್ಟೂ ಹೃದಯ ಸೋಲುತ್ತದೆ, ಹೃದಯ ಸೋತಷ್ಟೂ ಒತ್ತಡ ಇಳಿಯುತ್ತದೆ. ಈ ಸುತ್ತನ್ನು ಬೇಗ ಮುರಿಯದಿದ್ದರೆ ಕೈಗೆ ಸಿಗುವುದಿಲ್ಲ. ಒಳ್ಳೆಯ ಆಸ್ಪತ್ರೆಗಳಲ್ಲೂ ಶಾಕ್‌ಗೆ ಹೋದವರಲ್ಲಿ ಸುಮಾರು ಅರ್ಧದಷ್ಟು ಜನ ಉಳಿಯುವುದಿಲ್ಲ.

ಅಮ್ಮನಿಗೆ ಆಮ್ಲಜನಕ ಕೊಟ್ಟರು, ಬಿಪಿ ಏರಿಸಲು ನಾರ್‌ಅಡ್ರಿನಲಿನ್ ಎಂಬ ಔಷಧವನ್ನು ಹನಿಹನಿಯಾಗಿ ಬಿಟ್ಟರು, ಎಕೋ ನೋಡಿದರು, ಕೂಡಲೇ ಆಂಜಿಯೋಪ್ಲಾಸ್ಟಿ ಮಾಡಿ ಮುಚ್ಚಿದ ರಕ್ತನಾಳವನ್ನು ತೆರೆದರು. ನಾನು ಹೊರಗೆ ಮೊಬೈಲ್‌ನಲ್ಲಿ ಓದಿಕೊಂಡು, "ಬಲೂನ್ ಪಂಪ್ ಯಾಕೆ ಹಾಕಲಿಲ್ಲ?" ಎಂದು ಡಾಕ್ಟರ ಜೊತೆ ಜಗಳಕ್ಕೇ ನಿಂತೆ. ಅವರು ತಾಳ್ಮೆಯಿಂದ ವಿವರಿಸಿದರು. ಜರ್ಮನಿಯಲ್ಲಿ 600 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ಪಂಪ್ ಹಾಕಿದವರಿಗೂ ಹಾಕದವರಿಗೂ ಒಂದು ತಿಂಗಳ ಸಾವಿನ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲವಂತೆ. ಆದರೆ 1999ರಲ್ಲಿ ಪ್ರಕಟವಾದ 302 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ, ಮೊದಲು ಔಷಧದಲ್ಲೇ ಸ್ಥಿರಗೊಳಿಸಲು ನೋಡಿದವರ ಪೈಕಿ ಆರು ತಿಂಗಳೊಳಗೆ ನೂರಕ್ಕೆ 63 ಜನ ತೀರಿಕೊಂಡಿದ್ದರು. ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್‌ನಿಂದ ಬೇಗ ರಕ್ತನಾಳ ಸರಿಪಡಿಸಿದವರಲ್ಲಿ ಅದು 50. "ಯಂತ್ರಕ್ಕಿಂತ ಬೇಗ ಬರುವುದು ಮುಖ್ಯ ಕಣಪ್ಪ" ಎಂದರು. ನಾನು ಸುಮ್ಮನಾದೆ. ಆ ಏಳು ಗಂಟೆ ಹಾಳು ಮಾಡಿದವನು ನಾನೇ.

ಅಮ್ಮ ಉಳಿದಳು. ಒಂಬತ್ತು ದಿನ ಐಸಿಯುನಲ್ಲಿದ್ದಳು. ಪಕ್ಕದ ಹಾಸಿಗೆಯಲ್ಲಿದ್ದವರು, ನನ್ನ ವಯಸ್ಸಿನ ಮಗನಿದ್ದವರು, ಉಳಿಯಲಿಲ್ಲ. ಅಮ್ಮನ ಹೃದಯಕ್ಕೆ ಮೊದಲಿನ ಶಕ್ತಿ ಮರಳಿಲ್ಲ. ಹಿಂದೆ ಎರಡು ಬಿಂದಿಗೆ ನೀರು ಹೊತ್ತು ತರುತ್ತಿದ್ದವಳು ಈಗ ಈ ಶಾಲೆಯ ಮೆಟ್ಟಿಲು ಹತ್ತುವಾಗ ಮೂರು ಕಡೆ ನಿಂತಳು.

ವಿದ್ಯಾರ್ಥಿಗಳೇ, ಹೃದಯಾಘಾತವಾದವರೆಲ್ಲ ಶಾಕ್‌ಗೆ ಹೋಗುವುದಿಲ್ಲ. ಅನೇಕರಲ್ಲಿ ಅದು ಕೆಲವು ಗಂಟೆಗಳ ನಂತರ ಬರುತ್ತದೆ. ನಮ್ಮ ಕೈಯಲ್ಲಿರುವುದು ಆ ಗಂಟೆಗಳು. ಎಲ್ಲರಿಗೂ ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದುಕೊಳ್ಳುವಂಥ ನೋವು ಬರುವುದಿಲ್ಲ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ ಬರೀ ಬೆವರು, ಸುಸ್ತು, ಉಬ್ಬಸ, ದವಡೆ ಅಥವಾ ಬೆನ್ನಿನ ನೋವು ಇರಬಹುದು. ಹಾಗಾದರೆ 108ಕ್ಕೆ ಫೋನ್ ಮಾಡಿ. ಬೈಕಿನಲ್ಲಿ ಕೂರಿಸಬೇಡಿ, ನಡೆಸಬೇಡಿ. ಮೊದಲು ಇಸಿಜಿ ಆಗಲಿ. ನಮ್ಮ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ಬೇಕಾದವರಿಗೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಇಸಿಜಿ ನೋಡಿ ಗ್ಯಾಸ್ ಎಂದು ಡಾಕ್ಟರು ಹೇಳಿದರೆ ನಕ್ಕು ಮನೆಗೆ ಬನ್ನಿ. ನಷ್ಟವೇನಿಲ್ಲ.

ನಮ್ಮಲ್ಲಿ ಬಹಳ ಜನ ಹೊರಗೆ ದುಡಿಯುತ್ತೇವೆ, ಅಪ್ಪ ಅಮ್ಮ ಊರಿನಲ್ಲಿದ್ದಾರೆ. ಅವರು ಫೋನ್ ಮಾಡಿದಾಗ ನಾವು ಡಾಕ್ಟರಾಗುವುದು ಬೇಡ. ಊರಿನಲ್ಲಿ ಯಾರಿಗೆ ಫೋನ್ ಮಾಡಿದರೆ ತಕ್ಷಣ ಗಾಡಿ ಬರುತ್ತದೆ ಎಂದು ಇವತ್ತೇ ಬರೆದಿಟ್ಟುಕೊಳ್ಳೋಣ.

ಹೃದಯದ ಚಿತ್ರ ಕಲಿಸಿದ ಈ ಶಾಲೆಗೆ ನಾನು ಋಣಿ. ಅಮ್ಮ ಅಲ್ಲಿ ಬೇವಿನ ಮರದ ನೆರಳಲ್ಲಿ ಕೂತಿದ್ದಾಳೆ.