ಗುಂಡಿಗಿಳಿದವರ ಚಿತ್ರ ಯಾರ ಕಣ್ಣಿಗೆ?



ಮಲ ಹೊರುವ ಪದ್ಧತಿಯ ವಿರುದ್ಧ ಜಾಲತಾಣಗಳಲ್ಲಿ ಅರಿವು ಮೂಡಿಸುವುದು ಹೇಗೆಂದು ಈ ಸಂಕಿರಣದಲ್ಲಿ ಎರಡು ದಿನ ಚರ್ಚಿಸಲಿದ್ದೇವೆ. ಅರಿವು ಯಾರಿಗೆ? ಆಹ್ವಾನ ಪತ್ರಿಕೆಯಲ್ಲಿ ಅದಿಲ್ಲ. ನನ್ನ ಹಳೆಯ ತಕರಾರು ಇದೇ; ಸಂಘಟಕರಿಗೂ ಗೊತ್ತು, ಗೊತ್ತಿದ್ದೂ ಕರೆದಿದ್ದಾರೆ.

ಕಾನೂನಿನ ಚರಿತ್ರೆಯನ್ನು ಕಾನೂನು ಕಾಲೇಜಿನ ಮೇಡಂ ಮಧ್ಯಾಹ್ನ ಹೇಳಲಿದ್ದಾರೆ, ಅವರ ಪಾಲಿಗೆ ನಾನು ಕೈ ಹಾಕುವುದಿಲ್ಲ. ಇಷ್ಟು ಮಾತ್ರ ನೆನಪಿಸುತ್ತೇನೆ: ಎಪ್ಪತ್ತರ ದಶಕದಲ್ಲೇ ರಾಜ್ಯದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಲು ಹೊರಟರು. ಕೇಂದ್ರದ ಕಾಯ್ದೆಗಳು ಬಂದದ್ದು 1993 ಮತ್ತು 2013ರಲ್ಲಿ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಅಂದಿತು, 2023ರಲ್ಲಿ 30 ಲಕ್ಷ. ಪರಿಹಾರ ಏರುತ್ತಿದೆ. ಇಳಿಯುವವರು ಇಳಿಯುತ್ತಲೇ ಇದ್ದಾರೆ.

ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರ ಸಫಾಯಿ ಕರ್ಮಚಾರಿ ಆಂದೋಲನ 2022ರಲ್ಲಿ ‘ನಮ್ಮನ್ನು ಕೊಲ್ಲುವುದನ್ನು ನಿಲ್ಲಿಸಿ’ ಎಂದು ಬೀದಿಗಿಳಿಯಿತು. ಕೊಲ್ಲುವವರ ಮುಖಕ್ಕೇ ಹೇಳಿದ ಮಾತದು. ನಮ್ಮ ಪೋಸ್ಟರುಗಳು, ರೀಲ್ಸುಗಳು ಮಾತ್ರ ಯಾರೋ ಅಯ್ಯೋ ಅನ್ನಲಿ ಎಂದು ಕಾಯುತ್ತವೆ. ಗುಂಡಿ ತುಂಬಿದಾಗ ಫೋನ್ ಮಾಡುವುದು ಯಾರು? ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಹೋಟೆಲ್ ಮಾಲೀಕ, ಗುತ್ತಿಗೆದಾರ. ಒಳಚರಂಡಿಗೋ ಶೌಚಗುಂಡಿಗೋ ಹಾಗೆ ಅಪಾಯಕ್ಕೊಡ್ಡಿ ಜನರನ್ನು ಇಳಿಸಿದರೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂದು 2013ರ ಕಾಯ್ದೆ ಹೇಳುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ಇದನ್ನು ಯಾರಾದರೂ ಹಾಕಿದ್ದಾರೆಯೇ? ನಮ್ಮದರಲ್ಲಿ ಪಾರ್ಕಿಂಗ್ ಜಗಳ ಬಿಟ್ಟು ಬೇರೇನೂ ಬರುವುದಿಲ್ಲ.

ಪ್ರಚಾರ ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬಗೆಹರಿಯದೆ ಉಳಿದಿರುವುದು ಚಿತ್ರದ ಪ್ರಶ್ನೆ.

ಒಂದು ಪಟ್ಟಣದ ಕಾರ್ಯಾಗಾರದಲ್ಲಿ ಹುಡುಗರು ಉತ್ಸಾಹದಿಂದ ಫೋಟೊ ತೆಗೆಯುತ್ತಿದ್ದರು. ಪೌರಕಾರ್ಮಿಕ ಹೆಂಗಸೊಬ್ಬರು ಕೇಳಿದರು: “ಸರ್, ಇದು ನನ್ ಮಗಳ ಕಾಲೇಜಿನ ತನಕಾನೂ ಹೋಗುತ್ತಾ?” ಯಾರಿಗೂ ಉತ್ತರ ಹೊಳೆಯಲಿಲ್ಲ. ಕೊನೆಗೆ ಸಂಘಟಕರು ಊಟಕ್ಕೆ ಎಬ್ಬಿಸಿದರು.

ಹಾಗಾದರೆ ಮುಖವನ್ನು ಮಸುಕು ಮಾಡೋಣ, ಚಿತ್ರವೇ ಬೇಡ ಅನ್ನೋಣವೇ? 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮುದಾಯದವರು ಒಕ್ಕಲೆಬ್ಬಿಸುವುದರ ವಿರುದ್ಧ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಆ ಚಿತ್ರ ಪತ್ರಿಕೆಗಳಲ್ಲಿ ಬಂದ ಮೇಲೆ ನಾಡು ಬೆಚ್ಚಿತು. ಮನವಿ ಪತ್ರಗಳಿಂದ ಆಗದ್ದು ಅದರಿಂದ ಆಯಿತು. ಆದರೆ ಏನು ತೋರಿಸಬೇಕೆಂದು ಅಲ್ಲಿ ತೀರ್ಮಾನಿಸಿದವರು ಅವರೇ. ನಮ್ಮ ಅಭಿಯಾನಗಳಲ್ಲಿ ತೀರ್ಮಾನಿಸುವುದು ಕ್ಯಾಮೆರಾ ಹಿಡಿದವರು. ಒಪ್ಪಿಗೆ ಪತ್ರಕ್ಕೆ ಸಹಿ ಇದೆ ಅನ್ನುತ್ತೀರಿ. ಇವತ್ತಿನ ಆ ಸಹಿ ಇನ್ನು ಹತ್ತು ವರ್ಷದ ನಂತರ, ಮಗಳ ಮದುವೆಯ ಮಾತು ನಡೆಯುವಾಗಲೂ ನಡೆಯುತ್ತದೆಯೇ? ಬೇಡ ಅನ್ನಿಸಿದ ದಿನ ಎಲ್ಲ ಫೋನುಗಳಿಂದ ಅಳಿಸುವವರು ಯಾರು?

ನಾಳೆಯ ಪೋಸ್ಟರ್ ಸ್ಪರ್ಧೆಗೆ ನಾನೂ ತೀರ್ಪುಗಾರನಂತೆ. ಕುಲಪತಿಗಳ ಅನುಮತಿಯಿದ್ದರೆ ಒಂದು ಬದಲಾವಣೆ ಮಾಡೋಣ: ಮುಂದಿನ ಸಾಲಿನಲ್ಲಿರುವ ಪೌರಕಾರ್ಮಿಕ ಸಂಘದವರು ಮೊದಲು ನೋಡಲಿ, ಬೇಡವೆಂದದ್ದನ್ನು ಗೋಡೆಯಿಂದ ಇಳಿಸಲಿ. ಉಳಿದವುಗಳಿಗೆ ನಾನು ಅಂಕ ಹಾಕುತ್ತೇನೆ.