ಪ್ರಾಯದ ಮಗಳು ಮತ್ತು ಮನಸ್ಸಿನ ಮಾತ್ರೆ



ಪ್ರಾಯಕ್ಕೆ ಬಂದ ಮಗಳೊಬ್ಬಳು ಬೆಳಿಗ್ಗೆ ನಿಮ್ಮನ್ನು ದೇವರೆಂದೂ ಸಂಜೆ ಶತ್ರುವೆಂದೂ ಕಾಣುತ್ತಾಳೆ. ಎಲ್ಲರೂ ಕೈಬಿಡುವರೆಂದು ಹೆದರಿ ತನಗೆ ತಾನೇ ಗಾಯ ಮಾಡಿಕೊಳ್ಳುತ್ತಾಳೆ. ಇದು ಹಟವಲ್ಲ, ಗಾಳಿಸೋಂಕೂ ಅಲ್ಲ. ಪರೀಕ್ಷಿಸಿದ ಮನೋವೈದ್ಯರು ಇದನ್ನು ‘ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷ’ ಎನ್ನಬಹುದು.

ಈ ದೋಷವನ್ನೇ ಗುಣಪಡಿಸುವ ಮಾತ್ರೆ ಇನ್ನೂ ಇಲ್ಲ. ತಿಂಗಳುಗಟ್ಟಲೆ ನಡೆಯುವ ಮಾತಿನ ಚಿಕಿತ್ಸೆಯೇ ಮುಖ್ಯವಾದುದು. ಜೊತೆಗೆ ಖಿನ್ನತೆಯಿದ್ದರೆ, ಇಲ್ಲವೇ ವಿಷಮ ಗಳಿಗೆಯಲ್ಲಿ ಕೆಲವು ದಿನಗಳ ಮಟ್ಟಿಗೆ, ಔಷಧಿ ಕೊಡುವುದುಂಟು. ಯಾವ ತೊಂದರೆಗೆ, ಎಷ್ಟು ಕಾಲ ಎಂದು ಸಂಕೋಚವಿಲ್ಲದೆ ಕೇಳಿರಿ. ವ್ಯಾಲ್ಪ್ರೋಯೇಟ್ ಎಂಬ ಔಷಧಿ ಗರ್ಭಸ್ಥ ಶಿಶುವಿಗೆ ಹಾನಿಕರ. ಮದುವೆಯ ಮಾತು ನಡೆದಿದ್ದರೆ ವೈದ್ಯರಿಗೆ ಮುಚ್ಚಿಡದೆ ತಿಳಿಸಿರಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿರಿ.

ಕೆಲವರು ಸಾರಿನಲ್ಲಿ ಮಾತ್ರೆ ಬೆರೆಸಿ ಬಡಿಸುತ್ತಾರೆ. ನಂಬಿಕೆಯೇ ನಿಲ್ಲದೆ ನರಳುತ್ತಿರುವವಳಿಗೆ ಅದು ತಿಳಿದ ದಿನ ಏನಾದೀತು? 18 ತುಂಬಿ, ನಿರ್ಧರಿಸುವ ಶಕ್ತಿಯುಳ್ಳವಳ ಒಪ್ಪಿಗೆ ಅವಳದೇ ಎಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಹೇಳುತ್ತದೆ.

ವೈದ್ಯರನ್ನು ಕೇಳಿ, ಒಮ್ಮೆಗೆ ವಾರಕ್ಕಾಗುವಷ್ಟೇ ಮಾತ್ರೆ ತನ್ನಿರಿ. ಅದನ್ನೂ ಹೊಲದ ಕ್ರಿಮಿನಾಶಕವನ್ನೂ ಬೀಗದೊಳಗಿಡಿರಿ. ಸಾಯುವ ಮಾತಾಡಿದರೆ ಗದರದೆ ಜೊತೆಗಿದ್ದು, ಟೆಲಿ-ಮಾನಸ್ 14416ಕ್ಕೆ ದೂರವಾಣಿ ಮಾಡಿರಿ. ಹಗಲಿರುಳೂ ಶುಲ್ಕವಿಲ್ಲದೆ ಕನ್ನಡದಲ್ಲೇ ಮಾತಾಡಬಹುದು.